ಟ್ಯಾಬ್‌ಗೆ ಮ್ಯಾಟ್ ಗಾರ್ಡ್: ಮೂರು ಅಂಟಿಸಿದೆ, ಎರಡು ಕಿತ್ತೆ

ನನ್ನ ಕೆಲಸ ಪ್ರೂಫ್ ತಿದ್ದುವುದು. ಮೊದಲೆಲ್ಲ ಕಾಗದ, ಕೆಂಪು ಪೆನ್ನು. ಈಗ ಪಿಡಿಎಫ್ ಬರುತ್ತದೆ, ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್‌ನಲ್ಲಿ ಎಸ್ ಪೆನ್ ಹಿಡಿದು ಗೀಚುತ್ತೇನೆ. 10.4 ಇಂಚಿನ ಪರದೆ, ನನ್ನ ಕೆಲಸಕ್ಕೆ ಸಾಕು. ಆದರೆ ಮೇಜಿನ ನೆತ್ತಿಗೇ ಒಂದು ಟ್ಯೂಬ್‌ಲೈಟ್ ಇದೆ. ಸಂಜೆ ಕೂತರೆ ಪುಟದ ನಡುವೆ ಬೆಳ್ಳಗೆ ಒಂದು ಕೋಲು ಮಲಗಿರುತ್ತಿತ್ತು. ಟ್ಯಾಬ್ ಓರೆ ಮಾಡಿದರೆ ಕೋಲು ಹೋಗಿ ನನ್ನ ಮುಖ ಬರುತ್ತಿತ್ತು. ದಿನಕ್ಕೆ ನಲವತ್ತು ಪುಟ ಓದುವವನಿಗೆ ಅಷ್ಟು ಹೊತ್ತು ಸ್ವಂತ ಮುಖ ನೋಡೋದು ಕಷ್ಟ.

ಹಾಗಾಗಿ ಮ್ಯಾಟ್ ಗಾರ್ಡ್, ಅಂದರೆ ಪರದೆಯ ಹೊಳಪು ತಗ್ಗಿಸುವ ಹೊದಿಕೆ, ಹುಡುಕಿದೆ. ಎಂಟು ತಿಂಗಳಲ್ಲಿ ಮೂರು ಬಗೆ ಹಾಕಿ ನೋಡಿದೆ: ಮ್ಯಾಟ್ ಟೆಂಪರ್ಡ್ ಗ್ಲಾಸ್, ಕಾಗದದ ಹಾಗೆ ಬರೆಯಬಹುದು ಅಂತ ಮಾರುವ ಪೇಪರ್ ಫಿಲ್ಮ್, ಸಾದಾ ಮ್ಯಾಟ್ ಫಿಲ್ಮ್. ನಾನು ಕೊಟ್ಟಿದ್ದು ಕ್ರಮವಾಗಿ 799, 650, 299 ರೂಪಾಯಿ.

ಪರೀಕ್ಷೆಗೆ ಇಟ್ಟುಕೊಂಡಿದ್ದು ಒಂದೇ ಪುಟ, ಸಣ್ಣ ಅಕ್ಷರದ ಒಂದು ನಿಘಂಟಿನ ಸ್ಕ್ಯಾನ್. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಸೀಳು ಅಷ್ಟೇ ಅಲ್ವಾ? ಪ-ಫ, ಡ-ಢ ಕೂಡ ಹಾಗೇ. ಆ ಸೀಳು ಮಸುಕಾದರೆ ನನ್ನ ಹೊಟ್ಟೆಪಾಡಿಗೇ ಪೆಟ್ಟು.

ಗ್ಲಾಸ್‌ನಿಂದ ಶುರು ಮಾಡಿದೆ. ಜಾಸ್ತಿ ದುಡ್ಡು, ಜಾಸ್ತಿ ಒಳ್ಳೇದು ಅನ್ನೋ ಹಳೇ ನಂಬಿಕೆ. ಅಂಟಿಸುವುದು ಸುಲಭ. ಗಟ್ಟಿಯಾಗಿರುವುದರಿಂದ ಬಾಗಲ್ಲ, ಮೂಲೆಗೆ ಮೂಲೆ ಕೂಡಿಸಿ ಬಿಟ್ಟರೆ ತಾನೇ ಹರಡಿಕೊಂಡು ಹೋಗುತ್ತದೆ. ಟ್ಯೂಬ್‌ಲೈಟ್ ಕೋಲು ಮಾಯ. ಆದರೆ ನಿಘಂಟಿನ ಪುಟ ತೆಗೆದರೆ ಒತ್ತಕ್ಷರಗಳೆಲ್ಲ ಹಬೆಯ ಹಿಂದೆ ನಿಂತ ಹಾಗಿದ್ದವು. ‘ರಾಷ್ಟ್ರ’ದ ಕೆಳಗಿನ ಎರಡು ಒತ್ತು ಸೇರಿ ಒಂದು ಗಂಟು. ಬಿಳಿ ಪುಟದ ಮೇಲೆ ಕೆಂಪು-ಹಸಿರಿನ ಸಣ್ಣ ಮರಳು ಎರಚಿದ ಹಾಗೆ ಮಿನುಗು ಬೇರೆ.

ಯಾಕೆ ಹೀಗೆ ಅನ್ನೋದಕ್ಕೆ ಅಡುಗೆಮನೆಯ ಬಟರ್ ಪೇಪರ್ ಸಾಕು. ಒಂದು ತುಂಡನ್ನು ಪತ್ರಿಕೆಯ ಮೇಲೆ ಒತ್ತಿ ಇಡಿ, ಅಕ್ಷರ ಓದಬಹುದು. ಬೆರಳಗಲ ಮೇಲೆತ್ತಿ, ಎಲ್ಲ ಮಂಜು. ಮ್ಯಾಟ್ ಗಾರ್ಡ್ ಮಾಡುವುದೂ ಅದನ್ನೇ. ಅದರ ಮೈ ತರಿತರಿ, ಬಿದ್ದ ಬೆಳಕನ್ನು ಒಂದೇ ಕಡೆ ಕಳಿಸದೆ ಚೆದುರಿಸುತ್ತದೆ. ಆದರೆ ಒಳಗಿನಿಂದ ಬರುವ ಅಕ್ಷರದ ಬೆಳಕನ್ನೂ ಚೆದುರಿಸುತ್ತದೆ. ತರಿ ಪಿಕ್ಸೆಲ್‌ನಿಂದ ದೂರ ಹೋದಷ್ಟೂ ಮಸುಕು ಜಾಸ್ತಿ. ಗ್ಲಾಸ್ ಸುಮಾರು 0.3 ಮಿಲಿಮೀಟರ್ ದಪ್ಪ, ಫಿಲ್ಮ್ ಅದಕ್ಕಿಂತ ತೆಳು. ಮಿನುಗಿಗೂ ಈ ತರಿಯೇ ಕಾರಣ. ಒಂದೊಂದು ಉಬ್ಬೂ ಸಣ್ಣ ಮಸೂರದ ಹಾಗೆ ಕೆಳಗಿನ ಬಣ್ಣದ ಚುಕ್ಕೆಗಳನ್ನು ಅಡ್ಡಾದಿಡ್ಡಿ ಹಿಗ್ಗಿಸುತ್ತದೆ.

ಡಬ್ಬಿಯ ಮೇಲೆ ದೊಡ್ಡದಾಗಿ 9ಎಚ್ ಅಂತಿತ್ತು. ಅದು ಪೆನ್ಸಿಲ್‌ನ ಗಟ್ಟಿತನದ ಅಳತೆ. 9ಎಚ್ ಪೆನ್ಸಿಲ್ ಗೀರದು ಅಂತ ಅರ್ಥ. ಚೀಲದ ತಳದ ಮರಳು ಆರಾಮಾಗಿ ಗೀರುತ್ತದೆ.

ಮೂರು ವಾರಕ್ಕೆ ಗ್ಲಾಸ್ ಕಿತ್ತೆ. ಮುಂದಿನದು ಪೇಪರ್ ಫಿಲ್ಮ್. ಬರೆಯುವ ಸುಖ ಅಂದರೆ ಇದು! ಬರಿ ಪರದೆಯ ಮೇಲೆ ಎಸ್ ಪೆನ್ ಎಣ್ಣೆ ಸವರಿದ ತಟ್ಟೆಯ ಮೇಲೆ ಜಾರಿದ ಹಾಗೆ ಜಾರುತ್ತದೆ, ನನ್ನ ‘ಕ್ಷ’ ಯಾವತ್ತೂ ವಾಲುತ್ತಿತ್ತು. ಇಲ್ಲಿ ಪೆನ್ನು ನಿಂತಲ್ಲಿ ನಿಲ್ಲುತ್ತದೆ, ಸರ್ ಸರ್ ಅಂತ ಸಣ್ಣ ಸದ್ದೂ ಇದೆ. ನೋಟ್ಸ್ ಬರೆಯುವ ಮಗಳು ಇದನ್ನು ತೆಗೆಯಲೇ ಬೇಡ ಅಪ್ಪ ಅಂದಳು. ಆದರೆ ಎರಡೇ ತಿಂಗಳಿಗೆ ನಿಬ್ ಒಂದು ಪಕ್ಕ ಸವೆದು ಚಪ್ಪಟೆಯಾಯಿತು. ಮೂರರಲ್ಲಿ ತರಿ ಜಾಸ್ತಿ ಇದ್ದಿದ್ದೂ ಇದಕ್ಕೇ. ಬ್ರೈಟ್‌ನೆಸ್ ಅರ್ಧಕ್ಕಿಂತ ಮೇಲೆ ಏರಿಸದೆ ಧ ಮತ್ತು ದ ಬೇರೆ ಮಾಡಲು ಆಗಲಿಲ್ಲ. ಚಿತ್ರ ಬರೆಯುವವರು, ಕ್ಲಾಸ್ ನೋಟ್ಸ್ ಬರೆಯುವವರು ಇದನ್ನೇ ತೆಗೆದುಕೊಳ್ಳಿ, ಜೊತೆಗೆ ಬದಲಿ ನಿಬ್ ಇಟ್ಟುಕೊಳ್ಳಿ. ನಾನು ಬರೆಯುವುದಕ್ಕಿಂತ ಓದುವುದು ಹತ್ತು ಪಟ್ಟು.

ಸಾದಾ ಮ್ಯಾಟ್ ಫಿಲ್ಮ್‌ನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಅದೇ ಅದರ ಗುಣ. ಟ್ಯೂಬ್‌ಲೈಟ್ ಕೋಲು ಪೂರ್ತಿ ಹೋಗಲಿಲ್ಲ, ಅಂಚಿಲ್ಲದ ಬೆಳ್ಳನೆ ಮಬ್ಬಾಯಿತು. ಮುಖ ಕಾಣಲ್ಲ. ನಿಘಂಟಿನ ಸೀಳುಗಳು ಕಂಡವು. ಪೆನ್ನು ಸ್ವಲ್ಪ ಜಾರುತ್ತದೆ, ಪರವಾಗಿಲ್ಲ. ಬಿದ್ದರೆ ಪರದೆ ಉಳಿಸುವ ತಾಕತ್ತು ಇದಕ್ಕಿಲ್ಲ, ಗೀರು ತಡೆದರೆ ಹೆಚ್ಚು. ಒಂದು ಮಾತು ಮೂರಕ್ಕೂ ಸೇರಿಸಿ: ಜಗಲಿಯ ನೇರ ಬಿಸಿಲಲ್ಲಿ ಓದಬಹುದು ಅಂತ ನಂಬಬೇಡಿ. ಚೆದುರಿದ ಬಿಸಿಲು ಇಡೀ ಪರದೆಗೆ ಹರಡಿ, ಕಪ್ಪು ಅಕ್ಷರವೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಫಿಲ್ಮ್ ಅಂಟಿಸುವ ಕಥೆ ಬೇರೆ. ಪೇಪರ್ ಫಿಲ್ಮನ್ನು ಮೊದಲು ಅಂಗಡಿಗೆ ಒಯ್ದಿದ್ದೆ. ಮೊಬೈಲ್ ಆದರೆ ಹಾಕ್ತೀನಿ, ಟ್ಯಾಬ್ ಆದರೆ ಗ್ಯಾರಂಟಿ ಇಲ್ಲ ಸಾರ್ ಅಂದ ಹುಡುಗ. ಮನೆಯಲ್ಲೇ ಫ್ಯಾನ್ ಕೆಳಗೆ ಕೂತು ಹಾಕಿದೆ. ಏಳು ಗುಳ್ಳೆ, ಒಂದು ಬೆಕ್ಕಿನ ಕೂದಲು.

ಸಾದಾ ಫಿಲ್ಮ್ ಹಾಕುವ ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು. ಬೆಳಿಗ್ಗೆ ಎಲ್ಲರ ಸ್ನಾನ ಆದ ಮೇಲೆ ಬಚ್ಚಲಿಗೆ ಹೋದೆ. ಹಬೆಗೆ ಗಾಳಿಯ ಧೂಳು ಕೆಳಗೆ ಕೂತಿರುತ್ತದೆ. ಟ್ಯಾಬ್ ಆಫ್ ಮಾಡಿ, ಒದ್ದೆ ಒರೆಸು, ಒಣ ಬಟ್ಟೆ, ಆಮೇಲೆ ಟೇಪಿನಿಂದ ಪರದೆಯ ಮೈಯೆಲ್ಲ ತಟ್ಟಿ ತಟ್ಟಿ ಉಳಿದ ಧೂಳು ತೆಗೆದೆ. ಹಿಂದಿನ ಹಾಳೆ ಬಿಡಿಸುವ ಮುಂಚೆಯೇ ಫಿಲ್ಮನ್ನು ಸರಿಯಾದ ಜಾಗಕ್ಕೆ ಇಟ್ಟು, ಉದ್ದದ ಒಂದು ಅಂಚಿಗೆ ಎರಡು ಕಡೆ ಸೆಲ್ಲೋಟೇಪ್ ಹಾಕಿದೆ. ಈಗ ಅದು ಪುಸ್ತಕದ ರಟ್ಟಿನ ಹಾಗೆ ತೆರೆದು ಮುಚ್ಚುತ್ತದೆ, ಜಾಗ ತಪ್ಪಲ್ಲ. ಟೇಪ್ ಹಾಕಿದ ಅಂಚಿನಿಂದ ಹಾಳೆಯನ್ನು ಎರಡು ಬೆರಳಷ್ಟೇ ಬಿಡಿಸಿ, ಬಟ್ಟೆ ಸುತ್ತಿದ ಹಳೇ ಎಟಿಎಂ ಕಾರ್ಡಿನಿಂದ ಒತ್ತುತ್ತಾ, ಮತ್ತೆ ಎರಡು ಬೆರಳು ಬಿಡಿಸುತ್ತಾ ಹೋದೆ. ಧೂಳು ಸಿಕ್ಕಿದ ಕಡೆ ಫಿಲ್ಮ್ ಎತ್ತಿ, ಟೇಪ್ ತುದಿಯಿಂದ ಎತ್ತಿಕೊಂಡೆ. ಉಳಿದ ಎರಡು ಸಣ್ಣ ಗುಳ್ಳೆ ಮಾರನೇ ದಿನಕ್ಕೆ ತಾವೇ ಹೋದವು.

ಒಂದು ಕಣ ಮಾತ್ರ ಉಳಿದಿದೆ, ಬಲಗಡೆ ಕೆಳಗೆ. ಮೊದಲ ವಾರ ಅದನ್ನು ಪೂರ್ಣವಿರಾಮ ಅಂತ ನಾಲ್ಕು ಸಲ ಹೊಡೆದುಹಾಕಿದ್ದೇನೆ.