ಶಹಾಬಾದ್ ಕಲ್ಲಿನ ನೆಲಕ್ಕೆ ಆಸಿಡ್ಡೋ, ಲಿಕ್ವಿಡ್ಡೋ?

ಕಲಬುರಗಿಯ ಬೋರ್‌ವೆಲ್ ನೀರಿನ ಬಿಳಿ ಸುಣ್ಣದ ಕಲೆಗೆ ಆಸಿಡ್ ಕ್ಲೀನರ್ ಬೇಗ ಕೆಲಸ ಮಾಡುತ್ತದೆ, ನಿಜ. ಆದರೆ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ, ಅಲ್ವಾ? ನಮ್ಮ ಬಚ್ಚಲಲ್ಲಿ ಒಂದೆರಡು ಹನಿ ಬಿದ್ದ ಕಡೆ ಬುಸ್ ಅಂತ ನೊರೆ ಎದ್ದಿತು. ಒರೆಸಿದ ಮೇಲೆ ನಾಲ್ಕಾಣೆಯಷ್ಟು ಅಗಲದ ಮಂಕು ಗುರುತು. ಇನ್ನೂ ಹೋಗಿಲ್ಲ.

ಕಂಪನಿಗಳು ಇಂಥ ವಸ್ತು ತಯಾರಿಸುವಾಗ ಎರಡು ಪ್ರಶ್ನೆ ಕೇಳುತ್ತವೆ. ಇದಕ್ಕೆ ಕೆಡುಕು ಮಾಡುವ ಗುಣ ಎಷ್ಟು? ಬಳಸುವವರಿಗೆ ಅದು ತಾಗುವುದು ಎಷ್ಟು? ಇಂಥ ಕ್ಲೀನರ್‌ನಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್‌ನ ಸುಡುವ ಗುಣ ಹೋಗುವುದಿಲ್ಲ. ಅದಕ್ಕೇ ಬಾಟಲಿಗೆ ವಾರೆ ಕುತ್ತಿಗೆ, ಮಕ್ಕಳು ಸುಲಭವಾಗಿ ತೆಗೆಯಲಾಗದ ಮುಚ್ಚಳ, ಗ್ಲೌಸ್ ಹಾಕಿ ಅನ್ನುವ ಸೂಚನೆ. ನಾವೋ, ಮಗ್ಗಿಗೆ ಸುರಿದುಕೊಂಡು ಬರಿಗಾಲಲ್ಲಿ ನಿಂತು ತಿಕ್ಕುತ್ತೇವೆ! ಅವರ ಲೆಕ್ಕವೆಲ್ಲ ಅಲ್ಲೇ ತಪ್ಪಿತು. ಜೊತೆಗೆ ಬ್ಲೀಚಿಂಗ್ ಪುಡಿ ಸೇರಿಸಿದರಂತೂ ಕ್ಲೋರಿನ್ ಅನಿಲ ಏಳುತ್ತದೆ.

ಆಮ್ಲವಿಲ್ಲದ ನ್ಯೂಟ್ರಲ್ ಲಿಕ್ವಿಡ್ ಕಲ್ಲನ್ನು ತಿನ್ನುವುದಿಲ್ಲ, ಕೈಗೂ ಮೃದು. ಗಟ್ಟಿ ಕಲೆಗೆ ಮಾತ್ರ ಸೋಲುತ್ತದೆ. ಇಲ್ಲಿ ನೋಡಬೇಕಾದ್ದು ನೊರೆ ತರುವ ರಾಸಾಯನಿಕ ಚರಂಡಿಗೆ ಹೋದ ಮೇಲೆ ಸೂಕ್ಷ್ಮಜೀವಿಗಳಿಂದ ಕೊಳೆತುಹೋಗುತ್ತದೆಯೇ ಎಂಬುದು. ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿಯ ಒಂದು ಹೆಸರಾದ ಪರೀಕ್ಷೆಯಲ್ಲಿ 28 ದಿನದಲ್ಲಿ ಕನಿಷ್ಠ 60% ಕೊಳೆತರೆ ಪಾಸು. ಲೇಬಲ್ ಮೇಲೆ ಸುಮ್ನೆ 'ಹರ್ಬಲ್' ಅಂತ ಬರೆದಿದ್ದರೆ ಅದು ಪರೀಕ್ಷೆಯಲ್ಲ.

ನಾನಾದರೆ ನೆಲಕ್ಕೆ ಲಿಕ್ವಿಡ್ಡೇ ತಗೊಳ್ಳುತ್ತೇನೆ. ಆಸಿಡ್ ಏನಿದ್ದರೂ ಪಿಂಗಾಣಿ ಕಮೋಡಿಗೆ, ಅದೂ ಚಪ್ಪಲಿ ಹಾಕಿಕೊಂಡು, ಕಿಟಕಿ ತೆಗೆದಿಟ್ಟು.