ಗಾಂಧಿ ಬಜಾರಿನ ಸೀಗೆಪುಡಿ: ಬುಡಕ್ಕೆ ಪೂರ್ತಿ ಅಂಕ, ತುದಿಗೆ ಬೇಡ

ನೇರವಾಗಿ ಹೇಳಿಬಿಡುತ್ತೇನೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಾನು ಹೋಗುವ ಗ್ರಂಧಿಗೆ ಅಂಗಡಿಯ ಸೀಗೆಪುಡಿ ಚೆನ್ನಾಗಿದೆ. ಆದರೆ ಅದು ತಲೆಯ ಬುಡಕ್ಕೆ. ಸೊಂಟ ದಾಟಿದ ಕೂದಲಿನ ತುದಿಗೂ ಅದನ್ನೇ ಹಾಕಿ ತಿಕ್ಕಿದರೆ ಒರಟಾಗುತ್ತದೆ, ಸಿಕ್ಕು ಕಟ್ಟುತ್ತದೆ, ಬಾಚುವಾಗ ಕಿತ್ತು ಬರುತ್ತದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ, ಪ್ಯಾಕೆಟ್ ಮೇಲೂ ಬರೆದಿರುವುದಿಲ್ಲ. ಆಮೇಲೆ ಜನ "ಸೀಗೆ ನಮಗೆ ಆಗಿಬರಲ್ಲ" ಅಂತ ಬಿಟ್ಟೇಬಿಡುತ್ತಾರೆ. ಒಳ್ಳೆಯ ವಸ್ತು ಹೀಗೆ ಸುಮ್ನೆ ಕೆಟ್ಟ ಹೆಸರು ತಗೊಳ್ಳುವುದು ನನಗೆ ಬೇಜಾರು.

ಅಂಗಡಿಯಲ್ಲಿ ಎರಡು ಥರ ಸಿಗುತ್ತದೆ. ಒಂದು, ಪುಡಿ ಮಾಡಿಟ್ಟ ಪ್ಯಾಕೆಟ್. ಇನ್ನೊಂದು, ಕಾಯಿಯನ್ನೇ ತೂಕ ಮಾಡಿ ಕೊಡುವುದು, ಜೊತೆಗೆ ಬೇಕಾದ ಸಾಮಾನೂ ಅಲ್ಲೇ ಸಿಗುತ್ತದೆ, ನಾವು ಒಣಗಿಸಿ ಮಿಲ್ಲಿಗೆ ಹಾಕಿಸಿಕೊಳ್ಳಬೇಕು. ಕಷ್ಟ ಜಾಸ್ತಿ ಅನ್ನಿಸಿದರೂ ಎರಡನೆಯದನ್ನೇ ತಗೊಳ್ಳಿ. ಪ್ಯಾಕೆಟ್ ಪುಡಿ ತರಿತರಿ. ಚಿಕ್ಕ ಕೂದಲಿನವರಿಗೆ ಅದು ತೊಳೆದು ಹೋಗುತ್ತದೆ, ಮೂರಡಿ ಉದ್ದದ ದಪ್ಪ ಕೂದಲಿನೊಳಗೆ ನಾರು ಸಿಕ್ಕಿಕೊಂಡರೆ ಸಂಜೆವರೆಗೂ ಜಡೆಯಿಂದ ಉದುರುತ್ತಾ ಇರುತ್ತದೆ. ಯಾವತ್ತು ಪುಡಿ ಮಾಡಿದ್ದು ಅಂತ ದಿನಾಂಕವೂ ಇಲ್ಲ. ನಾನು ತಂದ ಒಂದು ಪ್ಯಾಕೆಟ್‌ನಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ ಎಷ್ಟಿತ್ತೆಂದರೆ ಸೀಗೆಯ ಘಾಟೇ ಇರಲಿಲ್ಲ, ನೊರೆಯೂ ಅಷ್ಟಕ್ಕಷ್ಟೇ.

ಕಾಯಿ ಮಾತ್ರ ಬಹಳ ಒಳ್ಳೆಯದು. ಕೈಯಲ್ಲಿ ಹಿಡಿದು ಮುರಿದು ನೋಡಲು ಬಿಡುತ್ತಾರೆ, ಅದು ನನಗೆ ಇಷ್ಟ. ಪಟಕ್ಕನೆ ಮುರಿಯಬೇಕು. ಬಾಗಿದರೆ ಒಳಗೆ ತೇವ ಇದೆ ಎಂದರ್ಥ. ಒಳಗೆ ಬೂಷ್ಟು ಇರಬಾರದು. ನೊರೆ ಕೊಡುವ ಸಪೋನಿನ್ ಇರುವುದು ಸಿಪ್ಪೆಯಲ್ಲಿ, ಹಾಗಾಗಿ ಬೀಜ ತೆಗೆದು ಹಾಕಿದರೆ ಪುಡಿಯೂ ನುಣ್ಣಗೆ ಬರುತ್ತದೆ. ನಾನು ಒಂದು ಕೆಜಿ ಸೀಗೆಗೆ ಕಾಲು ಕೆಜಿ ಹೆಸರುಕಾಳು, 100 ಗ್ರಾಂ ಮೆಂತ್ಯ, 100 ಗ್ರಾಂ ನೆಲ್ಲಿಚೆಟ್ಟು, ಒಂದೆರಡು ಹಿಡಿ ಒಣಗಿಸಿದ ದಾಸವಾಳದ ಎಲೆ ಹಾಕಿಸುತ್ತೇನೆ. ಅಂಟುವಾಳ ಹಾಕಿಸಿ ಅಂತ ಅಂಗಡಿಯವರು ಪ್ರತಿ ಸಲ ಹೇಳುತ್ತಾರೆ. ನೊರೆ ಚೆನ್ನಾಗಿ ಬರುತ್ತದೆ ನಿಜ, ಆದರೆ ಅದು ಎಣ್ಣೆಯನ್ನು ಪೂರ್ತಿ ಎಳೆದುಬಿಡುತ್ತದೆ. ಉದ್ದ ಕೂದಲಿಗೆ ನಾನಂತೂ ಬೇಡ ಅಂತೀನಿ. ರೇಷ್ಮೆ ಸೀರೆ ಒಗೆಯಲು ಇಟ್ಟುಕೊಳ್ಳಿ, ಅದಕ್ಕೆ ಅಂಟುವಾಳದಷ್ಟು ಒಳ್ಳೆಯದು ಇಲ್ಲ.

ಬುಡ ಬೇರೆ, ತುದಿ ಬೇರೆ ಅಂತ ಯಾಕೆ ಹೇಳುತ್ತಿದ್ದೇನೆ ಗೊತ್ತಾ? ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ವರ್ಷಕ್ಕೆ 12 ಸೆಂಟಿಮೀಟರ್ ಅಂದುಕೊಳ್ಳಿ. 80 ಸೆಂಟಿಮೀಟರ್ ಉದ್ದದ ಜಡೆಯ ತುದಿ ಆರು ವರ್ಷಕ್ಕೂ ಹಳೆಯದು. ಆರು ಮಳೆಗಾಲ, ಆರು ಬೇಸಿಗೆ, ದಿನದಿನದ ಬಾಚಣಿಗೆ, ರಬ್ಬರ್ ಬ್ಯಾಂಡ್ ಎಲ್ಲ ಕಂಡಿದ್ದು ಅದು. ಕೂದಲಿನ ಮೇಲ್ಪದರ ನಮ್ಮ ಹೆಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಕೂತಿರುತ್ತದೆ. ಬುಡದಲ್ಲಿ ಹೆಂಚು ಸರಿಯಾಗಿದೆ, ತುದಿಯಲ್ಲಿ ಅಲ್ಲಲ್ಲಿ ಜಾರಿದೆ. ಬುಡದಲ್ಲಿ ಚರ್ಮದ ಎಣ್ಣೆ, ಬೆವರು, ಧೂಳು ಇರುತ್ತದೆ, ತೊಳೆಯಲೇಬೇಕು. ತುದಿಯಲ್ಲಿ ಎಂಥ ಕೊಳೆ ಇರುತ್ತದೆ? ಬುಡದಿಂದ ಇಳಿದು ಬಂದ ನೀರೇ ಅದಕ್ಕೆ ಸಾಕು.

ಇನ್ನೊಂದು, ಯಾರ ಕೂದಲು ಎಂಥದ್ದು ಅನ್ನೋದು. ನಮ್ಮ ಮನೆಯಲ್ಲೇ ಮೂರು ಥರ ಇದೆ, ಮೂವರದ್ದೂ ಉದ್ದ. ನನ್ನದು ದಪ್ಪ, ಅಲೆ ಅಲೆ. ಅತ್ತಿಗೆಯದು ನೆಟ್ಟಗೆ, ಎಳೆ ತೆಳು. ಮಗಳದ್ದು ಗುಂಗುರು. ಒಂದೇ ಡಬ್ಬದ ಪುಡಿ ಮೂವರಿಗೂ ಬೇರೆ ಬೇರೆ ಥರ ಕೆಲಸ ಮಾಡುತ್ತದೆ. ನೆಟ್ಟಗಿನ ಕೂದಲಲ್ಲಿ ಬುಡದ ಎಣ್ಣೆ ಬೇಗ ಕೆಳಗಿಳಿಯುತ್ತದೆ, ಎರಡನೇ ದಿನಕ್ಕೇ ಜಿಡ್ಡು. ಅತ್ತಿಗೆಗೆ ಈ ಪುಡಿ ತುಂಬಾ ಹಿಡಿಸಿದೆ, ಶಾಂಪೂ ಹಾಕಿದಾಗ ಅವರ ಕೂದಲು ಹಾರಾಡುತ್ತಿತ್ತು, ಈಗ ಮೈತುಂಬಿಕೊಂಡ ಹಾಗೆ ಕಾಣುತ್ತದೆ. ಗುಂಗುರಿನಲ್ಲಿ ಎಣ್ಣೆ ಆ ತಿರುವುಗಳನ್ನೆಲ್ಲ ದಾಟಿ ತುದಿ ಮುಟ್ಟುವುದೇ ಕಷ್ಟ, ಅದು ಮೊದಲೇ ಒಣ. ಮಗಳಿಗೆ ಬರೀ ಸೀಗೆ ಹಾಕಿದರೆ ಅಳುವೇ. ಅವಳಿಗೆ ಪುಡಿ ಅರ್ಧಕ್ಕೆ ಇಳಿಸಿ, ಹೆಸರು ಹಿಟ್ಟು ಜಾಸ್ತಿ ಮಾಡಿ, ಕೊನೆಗೆ ದಾಸವಾಳದ ಎಲೆಯ ಗೊಂಪು ಹಚ್ಚಲೇಬೇಕು. ಬಣ್ಣ ಹಾಕಿಸಿದ, ಪಾರ್ಲರಿನಲ್ಲಿ ಸ್ಟ್ರೇಟನಿಂಗ್ ಮಾಡಿಸಿದ ಕೂದಲಿನವರು ಸೀಗೆಯಿಂದ ದೂರ ಇದ್ದರೆ ಒಳ್ಳೆಯದು, ಅದು ಇನ್ನೂ ಬೇಗ ಒಣಗುತ್ತದೆ.

ಗೊಂಪು ಎಲ್ಲರಿಗೂ ಗೊತ್ತಲ್ವಾ? ಹಿತ್ತಲಿನ ಕೆಂಪು ದಾಸವಾಳದ ಎಲೆ ತಂದು ಬಿಸಿನೀರಿನಲ್ಲಿ ಕಿವುಚಿದರೆ ಲೋಳೆ ಬರುತ್ತದೆ, ಅದನ್ನು ಸೋಸಿದರೆ ಮುಗಿಯಿತು. ಬುಡಕ್ಕೆ ಸೀಗೆ, ಕಿವಿಯಿಂದ ಕೆಳಗೆ ಗೊಂಪು. ಆ ಲೋಳೆ ಎಳೆಯ ಮೇಲೆ ತೆಳುವಾಗಿ ಕೂರುವುದರಿಂದ ಬಾಚಣಿಗೆ ಜಾರುತ್ತದೆ. ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ ದಾಸವಾಳದ ಗಿಡ ಇಲ್ಲದಿದ್ದರೆ ಯಾವುದಾದರೂ ಸಾಧಾರಣ ಕಂಡೀಷನರ್ ಸಾಕು, ಅದರಲ್ಲಿ ತಪ್ಪೇನಿಲ್ಲ. ಸೀಗೆ ಹಾಕಿದ ಮೇಲೆ ಕಂಡೀಷನರ್ ಹಾಕಬಾರದು ಅನ್ನುವವರ ಮಾತು ಕೇಳಬೇಡಿ.

ಪುಡಿಯನ್ನು ನೇರವಾಗಿ ತಲೆಗೆ ಹಾಕಬೇಡಿ. ಹಿಂದಿನ ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಒಂದು ಕುದಿ ಕುದಿಸಿ, ಹಳೆಯ ಪಂಚೆ ಬಟ್ಟೆಯಲ್ಲಿ ಸೋಸಿ. ಆ ಕಂದು ನೀರಲ್ಲೇ ಎಲ್ಲ ಇದೆ. ನಾರು ಕೂದಲಿಗೆ ಸಿಕ್ಕುವ ತೊಂದರೆ ಅಲ್ಲಿಗೇ ತಪ್ಪುತ್ತದೆ, ಪ್ಯಾಕೆಟ್ ಪುಡಿ ತಂದವರಿಗೂ ಇದೇ ದಾರಿ. ಕಣ್ಣಿಗೆ ಬಿದ್ದರೆ ಮಾತ್ರ ವಿಪರೀತ ಉರಿ. ಮಕ್ಕಳಿಗೆ ತಲೆ ಹಿಂದಕ್ಕೆ ಬಾಗಿಸಿಯೇ ಹಾಕಿ.

ಎಣ್ಣೆ ವಿಷಯ ಬೇಗ ಹೇಳಿಬಿಡುತ್ತೇನೆ. ಅದೇ ಅಂಗಡಿಯಲ್ಲಿ ಗರುಗ, ಒಂದೆಲಗ ಹಾಕಿ ಕಾಯಿಸಿದ ಹಸಿರು ಎಣ್ಣೆಯೂ ಇದೆ. ವಾಸನೆ ಚೆನ್ನಾಗಿದೆ, ಆದರೆ ಬರೀ ಗಾಣದ ತೆಂಗಿನೆಣ್ಣೆಗಿಂತ ಹೆಚ್ಚೇನೂ ನನಗೆ ಕಾಣಲಿಲ್ಲ. 2003ರಲ್ಲಿ ಜರ್ನಲ್ ಆಫ್ ಕಾಸ್ಮೆಟಿಕ್ ಸೈನ್ಸ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ್ದರು. ಕೂದಲಿನಿಂದ ಪ್ರೋಟೀನ್ ಸೋರಿ ಹೋಗುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಒಂದೇ. ಅದರಲ್ಲಿರುವ ಲಾರಿಕ್ ಆಸಿಡ್ ಕೂದಲಿನ ಒಳಗೆ ಇಳಿಯಬಲ್ಲದು. ಅಧ್ಯಯನ ಮಾಡಿದವರು ತೆಂಗಿನೆಣ್ಣೆ ಮಾರುವ ಕಂಪನಿಯವರೇ ಅನ್ನೋದನ್ನೂ ಹೇಳಬೇಕು. ಆದರೂ ನಮ್ಮ ಅಜ್ಜಿಯರ ಕಾಲದಿಂದ ಕಂಡದ್ದಕ್ಕೂ ಇದಕ್ಕೂ ತಾಳೆಯಾಗುತ್ತದೆ. ಎಣ್ಣೆಯನ್ನು ಸ್ನಾನಕ್ಕೆ ಮೊದಲು ಹಚ್ಚಿ, ತುದಿಗೆ ಧಾರಾಳವಾಗಿ, ಬುಡಕ್ಕೆ ಸ್ವಲ್ಪವೇ.

ಈಗ ಮಳೆಗಾಲ. ಮಲೆನಾಡಿನವರಿಗೆ ಇದನ್ನು ಹೇಳದೆ ಕೂದಲಿನ ಮಾತು ಮುಗಿಯುವುದೇ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ತೀರ್ಥಹಳ್ಳಿ ಹೊಸನಗರದ ಕಡೆಯೂ ಜುಲೈನಲ್ಲಿ ಬಿಸಿಲು ಕಾಣುವುದೇ ಅಪರೂಪ. ಉದ್ದ ಕೂದಲು ಒಣಗುವುದೇ ಇಲ್ಲ. ಒದ್ದೆಯಲ್ಲೇ ಜಡೆ ಹಾಕಿ ಕೆಲಸಕ್ಕೆ ಓಡುತ್ತೇವೆ, ಸಂಜೆ ಬಿಚ್ಚಿದರೆ ಮುಗ್ಗಲು ವಾಸನೆ, ಹದಿನೈದು ದಿನಕ್ಕೆ ಹೊಟ್ಟು. ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಅನ್ನುವ ಶಿಲೀಂಧ್ರ ಎಲ್ಲರ ತಲೆಯಲ್ಲೂ ಇರುತ್ತದೆ, ಅದಕ್ಕೆ ಎಣ್ಣೆಯಂಶವೇ ಊಟ, ತೇವ ಸಿಕ್ಕರೆ ಇನ್ನೂ ಅನುಕೂಲ. ಹಾಗಾಗಿ ಹೊಟ್ಟು ಬಂದಾಗ ಬುಡಕ್ಕೆ ಎಣ್ಣೆ ಸುರಿಯಬೇಡಿ. ಸೀಗೆಪುಡಿಯಿಂದ ಹೊಟ್ಟು ವಾಸಿಯಾಗುತ್ತದೆ ಅಂತ ಅಂಗಡಿಯವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಮೆಡಿಕಲ್‌ನಲ್ಲಿ ಸಿಗುವ ಕೀಟೋಕೊನಜೋಲ್ ಶಾಂಪೂ ಬುಡಕ್ಕೆ ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಿರಿ. ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೊಟ್ಟು ಹೋದ ಮೇಲೆ ಮತ್ತೆ ಸೀಗೆಗೆ ಬನ್ನಿ.

ನಾನು ಮಳೆಗಾಲದಲ್ಲಿ ಸಂಜೆ ಹೊತ್ತು ತಲೆಸ್ನಾನ ಮಾಡುತ್ತೇನೆ, ಬಚ್ಚಲ ಒಲೆಯ ಕೆಂಡ ಇನ್ನೂ ಇರುತ್ತದೆ. ಬೈರಾಸಿನಿಂದ ಉಜ್ಜದೆ ಒತ್ತಿ ನೀರು ತೆಗೆದು, ಒಲೆಯಿಂದ ದೂರ ಕೂತು, ಬೆರಳಲ್ಲೇ ಬಿಡಿಸುತ್ತಾ ಒಣಗಿಸುತ್ತೇನೆ. ನೆಟ್ಟಗಿನ, ಅಲೆ ಕೂದಲಿನವರು ಅರ್ಧ ಒಣಗಿದ ಮೇಲೆ ಬಾಚಿ, ಒದ್ದೆ ಕೂದಲು ಎಳೆದರೆ ಹಿಗ್ಗಿ ತುಂಡಾಗುತ್ತದೆ. ಗುಂಗುರಿಗೆ ಉಲ್ಟಾ, ಸ್ವಲ್ಪ ತೇವ ಇದ್ದಾಗಲೇ, ಗೊಂಪಿನ ಜಾರು ಇರುವಾಗಲೇ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಬಿಡಿಸಬೇಕು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಉದ್ದ ಕೂದಲು ಬಾಚಣಿಗೆಯಲ್ಲಿ ಸುತ್ತಿಕೊಂಡಾಗ ರಾಶಿ ಕಾಣುತ್ತದೆ, ಹೆದರಬೇಡಿ. ಆದರೆ ಹೆರಿಗೆ, ಜೋರು ಜ್ವರ ಆಗಿ ಎರಡು ಮೂರು ತಿಂಗಳಿಗೆ ಹಿಡಿಗಟ್ಟಲೆ ಉದುರಿದರೆ ಅದಕ್ಕೆ ಪುಡಿ, ಎಣ್ಣೆ ಏನೂ ಮಾಡುವುದಿಲ್ಲ. ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ನಿಲ್ಲದಿದ್ದರೆ ರಕ್ತದಲ್ಲಿ ಕಬ್ಬಿಣದಂಶ, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಅಂಗಡಿಯವರ ಬಗ್ಗೆ ಎರಡು ಮಾತು. ಹಿರಿಯರು ಇದ್ದಾಗ ಹೋಗಿ. "ಯಾರಿಗಮ್ಮಾ, ಮಕ್ಕಳಿಗಾ ದೊಡ್ಡವರಿಗಾ?" ಅಂತ ಕೇಳಿ ಅಳತೆ ಹೇಳುತ್ತಾರೆ. ಹುಡುಗರು ಇದ್ದರೆ ಪ್ಯಾಕೆಟ್ ಕೈಗೆ ಕೊಟ್ಟು ಮುಗಿಸುತ್ತಾರೆ. ಬೆಲೆಗೆ ತಕರಾರಿಲ್ಲ, ಒಂದು ಕೆಜಿ ಕಾಯಿ ಮೂವರಿಗೆ ತಿಂಗಳುಗಟ್ಟಲೆ ಬರುತ್ತದೆ. ಹಬ್ಬದ ಹಿಂದಿನ ದಿನ ಮಾತ್ರ ಆ ಕಡೆ ಹೋಗಬೇಡಿ, ನಿಲ್ಲಲೂ ಜಾಗ ಇರುವುದಿಲ್ಲ, ಕಾಯಿ ಮುರಿದು ನೋಡಲು ಬಿಡುವುದಂತೂ ದೂರ. ಬಿಸಿಲಿರುವ ಏಪ್ರಿಲ್‌ನಲ್ಲೇ ತಂದು, ಅಂಗಳದಲ್ಲಿ ಗರಿಗರಿಯಾಗಿ ಒಣಗಿಸಿ, ಮಿಲ್ಲಿನಲ್ಲಿ ಎರಡು ಸಲ ಹಾಕಿ ಕೊಡಲು ಹೇಳಿ. ಸ್ಟೀಲ್ ಡಬ್ಬದಲ್ಲಿ ಮುಚ್ಚಳ ಬಿಗಿ ಮಾಡಿ ಇಡಿ. ಪ್ಲಾಸ್ಟಿಕ್ ಕವರಿನಲ್ಲೇ ಬಿಟ್ಟರೆ ಆಷಾಢದ ಹೊತ್ತಿಗೆ ಗಂಟುಗಂಟಾಗಿ ಹುಳು ಹಿಡಿಯುತ್ತದೆ.