ಹಣ ನಿಂತಿಲ್ಲ, ಬೇರೆ ಬ್ಯಾಂಕಿಗೆ ಹೋಗುತ್ತಿದೆ

ಗೃಹಲಕ್ಷ್ಮಿ, ಪಿಂಚಣಿ ಅಂತ ಬೇರೆಯವರ ಪರವಾಗಿ ಕಚೇರಿ ಸುತ್ತುವವರು ದಯವಿಟ್ಟು ಗಮನಿಸಿ. ಓದುಬರಹ ಬಾರದ ಮಹಿಳೆಯೊಬ್ಬರಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಹಣ ಐದು ಕಂತು ಕೈಸೇರಲಿಲ್ಲ. ಸಹಾಯಕ್ಕೆ ನಿಂತವರು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೂ ಸೇವಾ ಕೇಂದ್ರಕ್ಕೂ ಅಲೆದು ಚಪ್ಪಲಿ ಸವೆಸಿದ್ದೇ ಬಂತು. ಹಣ ಮಾತ್ರ ಪ್ರತಿ ಸಲವೂ ಜಮೆ ಆಗುತ್ತಲೇ ಇತ್ತು, ಅವರಿಗೇ ಗೊತ್ತಿಲ್ಲದ ಅವರದೇ ಇನ್ನೊಂದು ಖಾತೆಗೆ! ಸಂತೆಯಲ್ಲಿ ಮೇಜು ಹಾಕಿ ಕೂತಿದ್ದ ಏಜೆಂಟನೊಬ್ಬ ‘ಝೀರೋ ಬ್ಯಾಲೆನ್ಸ್ ಖಾತೆ’ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಸರ್ಕಾರಿ ಹಣ ಈ ಬ್ಯಾಂಕಿಗೇ ಬರಲಿ ಎಂಬ ಒಪ್ಪಿಗೆಯೂ ಅದರಲ್ಲೇ ಸೇರಿಹೋಗಿತ್ತು.

ಆಧಾರ್ ಆಧಾರಿತ ಡಿಬಿಟಿ (ಸರ್ಕಾರ ನೇರ ಖಾತೆಗೆ ಹಾಕುವ) ಹಣ ಪಾಸ್‌ಬುಕ್ ನಂಬರ್ ನೋಡಿ ಬರುವುದಿಲ್ಲ. ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಕೊನೆಗೆ ಜೋಡಿಸಿದ್ದೇ ಲೆಕ್ಕ. ಅಲ್ಲಿ ಖಾತೆ ಸಂಖ್ಯೆಯೂ ಇರುವುದಿಲ್ಲ, ಬ್ಯಾಂಕಿನ ಗುರುತು ಮಾತ್ರ. ಹಾಗಾಗಿ ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇದ್ದರೆ ಯಾವುದಕ್ಕೆ ಬೀಳುತ್ತದೆ ಎಂದು ಶಾಖೆಯಲ್ಲೇ ಕೇಳಬೇಕು. ಕೌಂಟರ್‌ನಲ್ಲಿ ‘ಆಧಾರ್ ಲಿಂಕ್ ಇದೆ’ ಎಂದರೆ ಎದ್ದು ಬರಬೇಡಿ. ಕೆವೈಸಿಗೆ, ಅಂದರೆ ಗುರುತಿನ ದಾಖಲೆಯಾಗಿ, ಆಧಾರ್ ಕೊಟ್ಟಿರುವುದು ಬೇರೆ, ಡಿಬಿಟಿಗೆ ಸೀಡಿಂಗ್ (ಆ ಪಟ್ಟಿಗೆ ಜೋಡಣೆ) ಆಗಿರುವುದು ಬೇರೆ. (ಇದೇನೂ ಹೊಸ ಆಟವಲ್ಲ. 2017ರಲ್ಲಿ ಲಕ್ಷಾಂತರ ಜನರ ಗ್ಯಾಸ್ ಸಬ್ಸಿಡಿ ಹೀಗೆಯೇ ಅವರು ಕೇಳದ ಪೇಮೆಂಟ್ಸ್ ಬ್ಯಾಂಕ್ ಖಾತೆಗಳಿಗೆ ಹರಿದಿತ್ತು.)

ಹೊಸ ಅರ್ಜಿ ಬರೆಯುವ ಮೊದಲು ಡಿಬಿಟಿ ಕರ್ನಾಟಕ ಆ್ಯಪ್ ತೆರೆಯಿರಿ. ಪಾವತಿ ಆಗಿಯೇ ಇಲ್ಲ ಎಂದಾದರೆ ರೇಷನ್ ಕಾರ್ಡ್, ಹೆಸರಿನ ವ್ಯತ್ಯಾಸ, ತೆರಿಗೆ ಪಾವತಿ ಕಾರಣ ಹುಡುಕಿ. ಆಗಿದೆ ಎಂದರೆ ಇಲಾಖೆಯ ಕೆಲಸ ಮುಗಿಯಿತು, ಗಂಟು ಬ್ಯಾಂಕಿನಲ್ಲಿದೆ. ಮೈಆಧಾರ್ ಜಾಲತಾಣದ ಬ್ಯಾಂಕ್ ಸೀಡಿಂಗ್ ಸ್ಟೇಟಸ್‌ನಲ್ಲಿ ಬ್ಯಾಂಕಿನ ಹೆಸರು ಸಿಗುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ, ಓಟಿಪಿ ಅದಕ್ಕೇ ಬರುವುದು.

ಹಳೆಯ ಬ್ಯಾಂಕಿಗೆ ವಾಪಸ್ ತರಲು ಅಲ್ಲಿಯೇ ಸೀಡಿಂಗ್ ಫಾರಂ ಕೊಡಬೇಕು. ಅದರಲ್ಲಿ ಹೊಸ ಜೋಡಣೆಗೊಂದು, ಬೇರೆ ಬ್ಯಾಂಕಿನಿಂದ ಬದಲಾವಣೆಗೊಂದು ಕಾಲಂ ಇರುತ್ತದೆ. ಗುರುತು ಹಾಕಬೇಕಾದದ್ದು ಎರಡನೆಯದಕ್ಕೆ, ಈಗಿರುವ ಬ್ಯಾಂಕಿನ ಹೆಸರನ್ನೂ ಬರೆಯಬೇಕು. ಈಗಾಗಲೇ ಬಿದ್ದ ಹಣ ತಾನಾಗಿ ಹಿಂದೆ ಬರುವುದಿಲ್ಲ, ಆ ಬ್ಯಾಂಕಿಗೇ ಹೋಗಿ ಬಿಡಿಸಬೇಕು. ಸಿಟ್ಟಿನಲ್ಲಿ ಮೊದಲೇ ಆ ಖಾತೆ ಮುಚ್ಚಿಸಬೇಡಿ, ಮುಂದಿನ ಕಂತು ವಾಪಸಾಗುತ್ತದೆ. ಸ್ಟೇಟ್‌ಮೆಂಟ್ ಕೇಳಿ ಪಡೆಯುವುದನ್ನು ಮರೆಯಬೇಡಿ.

ಆ ಮಹಿಳೆಯ ಸ್ಟೇಟ್‌ಮೆಂಟ್‌ನಲ್ಲಿ 8,000 ಉಳಿದಿತ್ತು, 2,000 ಹೆಬ್ಬೆಟ್ಟಿನ ಮೂಲಕ ಡ್ರಾ ಆಗಿತ್ತು. ‘ಬೆರಳು ತಗೊಳ್ತಿಲ್ಲ, ಇನ್ನೊಮ್ಮೆ ಒತ್ತಿ’ ಎನ್ನುವ ಹಳೆಯ ತಂತ್ರ. ಇಂಥದ್ದಕ್ಕೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಆಲಿಸುವ ಅಧಿಕಾರಿ) ಹೋಗಬಹುದು. ಹಣ ಡ್ರಾ ಆದ ಮಾಹಿತಿ ಬ್ಯಾಂಕಿನಿಂದ ಬಂದ 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕರ ಹಕ್ಕು ಗಟ್ಟಿ. ಇಲ್ಲಿ ಆ ಮಾಹಿತಿ ಮಹಿಳೆಗೆ ಬರಲೇ ಇಲ್ಲ, ಏಕೆಂದರೆ ಖಾತೆಗೆ ಕೊಟ್ಟಿದ್ದ ಮೊಬೈಲ್ ನಂಬರ್ ಏಜೆಂಟನದು. ಮೆಸೇಜೆಲ್ಲ ಅವನಿಗೇ ಹೋಗಿತ್ತು.